ಹೊಸ್ತಿಲ ಮೀನು

ನಮ್ಮ ಬಾಗ್‌ನ, ಅಂದರೆ ಪಾರ್ಸಿಗಳ ವಠಾರದ, ಮೂರನೇ ಕಟ್ಟಡದಲ್ಲಿ ಹದಿನಾರು ಮನೆ. ಯಜ್ದಿಯ ಸಂಸಾರ ಬರುವ ಮುಂಚೆ ಆ ಹದಿನಾರರಲ್ಲೂ ಎಲ್ಲರಿಗಿಂತ ಚಿಕ್ಕವಳು ಅಂದರೆ ಎರಡನೇ ಮಹಡಿಯ ನಾಜಾಮಾಯಿ. ಅವಳಿಗೆ ಅರವತ್ತೊಂಬತ್ತು. ಎಲ್ಲರೂ ಅವಳನ್ನು ಹುಡುಗಿ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಗೆ ಹೋಗುವ ಕೆಲಸ ಬಿದ್ದರೆ ‘ಹುಡುಗಿ ಹೋಗಿ ಬರಲಿ’ ಎಂದು ಅವಳನ್ನೇ ಅಟ್ಟುತ್ತಿದ್ದರು. ಅವಳೂ ಹುಡುಗಿ ಎನ್ನಿಸಿಕೊಂಡ ಖುಷಿಗೆ ಮೊಣಕಾಲು ಹಿಡಿದುಕೊಂಡು ಹೋಗಿ ಬರುತ್ತಿದ್ದಳು.

ಸಂಜೆಯಾದರೆ ಅಂಗಳದ ಬಾದಾಮಿ ಮರದ ಕೆಳಗಿನ ಬೆಂಚಿನ ಮೇಲೆ ಸಭೆ. ಆ ಬೆಂಚಿನಲ್ಲಿ ಕೂರುವುದಕ್ಕೂ ಒಂದು ಕ್ರಮವಿತ್ತು. ಎದೆ ಕೊಯ್ಸಿಕೊಂಡವರಿಗೆ ನಡುವಿನ ಜಾಗ. ಸಕ್ಕರೆ ಕಾಯಿಲೆಯವರಿಗೆ ಅಂಚು. ಬರೀ ಕೀಲುನೋವಿನವರು ಜಾಗ ಉಳಿದಿದ್ದರೆ ಕೂರಬೇಕು. ನಮ್ಮ ಕಮಿಟಿಯ ಮುಖ್ಯಸ್ಥ ಫ್ರಾಮ್‌ರೋಜ್ ಉಪ್ಪು ಬಿಟ್ಟ ತಿಂಗಳಲ್ಲೇ ಎಂಟು ಮನೆಗಳ ಉಪ್ಪಿನ ಡಬ್ಬಿ ಅಟ್ಟ ಏರಿತು. ಒಬ್ಬ ಕಿವಿಗೆ ಯಂತ್ರ ಹಾಕಿಸಿಕೊಂಡದ್ದೇ ತಡ, ಇನ್ನೂ ಮೂವರಿಗೆ ಕಿವಿ ಕೇಳಿಸುವುದು ನಿಂತಿತು. ಒಂದೇ ವಯಸ್ಸಿನವರು ಒಂದೇ ಕಡೆ ಕೂತರೆ ಕೆಮ್ಮೂ ಅಂಟುತ್ತದೆ, ಕೆಮ್ಮಿನ ಮಾತೂ ಅಂಟುತ್ತದೆ. ಕೆಮ್ಮಾದರೆ ಕಷಾಯಕ್ಕೆ ಹೋಗುತ್ತದೆ.

ಪೀರೋಜಾಮಾಯಿಗೆ ಆ ಬೆಂಚಿನಲ್ಲಿ ಜಾಗವಿರಲಿಲ್ಲ. ಕೂರಬೇಡ ಎಂದು ಯಾರೂ ಹೇಳಿದವರಲ್ಲ. ಆದರೆ ಎಪ್ಪತ್ತೆಂಟಾದರೂ ಒಂದೇ ಒಂದು ಕಾಯಿಲೆ ಇಲ್ಲದ ಹೆಂಗಸು ಅಲ್ಲಿ ಕೂತು ಮಾತಾಡುವುದಾದರೂ ಏನು? ಒಮ್ಮೆ ತನಗೂ ಸೊಂಟ ಹಿಡಿದಿತ್ತು ಎಂದು ಶುರುಮಾಡಿದಳು. ಎಷ್ಟು ದಿನ ಎಂದು ಬೆಂಚಿನಲ್ಲಿದ್ದ ಎರಚ್‌ಶಾ ಕೇಳಿದ. ಮಧ್ಯಾಹ್ನದವರೆಗೆ ಎಂದಳು. ಬೆಂಚಿನವರೆಲ್ಲ ಮುಖ ಆ ಕಡೆ ತಿರುಗಿಸಿದರು.

ಅವಳ ಮನೆ ಮೇಲಿನ ಮಹಡಿಯಲ್ಲಿ. ಗಂಡ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದವನು, ಹೋಗಿ ಬಹಳ ಕಾಲವಾಗಿತ್ತು. ನನ್ನ ಮನೆ ಮೊದಲನೇ ಮಹಡಿಯ ಮೆಟ್ಟಿಲ ಪಕ್ಕದಲ್ಲೇ, ಹಾಗಾಗಿ ಅವಳು ಹತ್ತುವುದು ಇಳಿಯುವುದು ಎಲ್ಲ ನನ್ನ ಕಿವಿಯ ಮೇಲೆಯೇ. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಇಳಿಯುವಾಗ ಅವಳು ಒಂದೊಂದು ಮನೆಯ ಹೊಸ್ತಿಲನ್ನೂ ನೋಡುತ್ತ ಇಳಿಯುತ್ತಿದ್ದಳು. ನಮ್ಮವರು ಸ್ನಾನ ಮಾಡಿ, ಪ್ರಾರ್ಥನೆ ಮುಗಿಸಿ, ಹೊಸ್ತಿಲು ತೊಳೆದು, ರಂಗೋಲಿ ಹಾಕುತ್ತಾರೆ. ಬೆರಳಲ್ಲಿ ಎಳೆಯುವುದಲ್ಲ. ತಳಕ್ಕೆ ತೂತು ಕೊರೆದ ತಗಡಿನ ಡಬ್ಬಿಗೆ ಪುಡಿ ತುಂಬಿ ನೆಲಕ್ಕೆ ಒಮ್ಮೆ ತಟ್ಟಿದರೆ ಸಾಕು, ಮೀನು ಮೂಡುತ್ತದೆ. ಹೊಸ್ತಿಲಲ್ಲಿ ಮೀನಿದ್ದರೆ ಒಳಗಿನವರು ಎದ್ದಿದ್ದಾರೆ, ಬಗ್ಗಿದ್ದಾರೆ, ಬದುಕಿದ್ದಾರೆ. ಇಲ್ಲದಿದ್ದರೆ ಪೀರೋಜಾ ಕ್ಯಾನಿನಿಂದ ಬಾಗಿಲು ಕುಟ್ಟುತ್ತಿದ್ದಳು. ನಿನ್ನೆಯ ಮೀನು ಹಾಗೇ ಬಿಟ್ಟು ಮೋಸ ಮಾಡುವಂತೆಯೂ ಇರಲಿಲ್ಲ. ನಿನ್ನೆಯ ಮೀನಿಗೆ ಬಾಲ ಇರುವುದಿಲ್ಲ, ಯಾರದೋ ಚಪ್ಪಲಿ ಅದನ್ನು ಒರೆಸಿಕೊಂಡು ಹೋಗಿರುತ್ತದೆ.

ನಾಜಾಮಾಯಿ ಸಕ್ಕರೆ ಇಳಿದು ಅಡುಗೆಮನೆಯಲ್ಲಿ ಬಿದ್ದ ದಿನ ಬಾಗಿಲು ಕುಟ್ಟಿ ಜನ ಸೇರಿಸಿ ಬಾಯಿಗೆ ಶರಬತ್ತು ಹುಯ್ದವಳು ಇವಳೇ. ಆದರೂ ಅವಳಿಗೆ ಹೊಗಳಿಕೆ ಸಿಗಲಿಲ್ಲ. ಯಾರ ಮನೆ ಯಾವಾಗ ಖಾಲಿಯಾಗುತ್ತದೆ ಎಂದು ನೋಡಲು ಬರುತ್ತಾಳೆ ಎಂದರು. ನೆಲ ಮಹಡಿಯ ಎರಚ್‌ಶಾ ಮದುವೆಯಾಗದವನು, ಹಿಂದೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವನು. ಅವನಿಗೆ ಬೆಳಿಗ್ಗೆ ಬೇಗ ಏಳುವುದೆಂದರೆ ಆಗದು. ವಾರಕ್ಕೆ ನಾಲ್ಕು ದಿನವಾದರೂ ಅವನ ಬಾಗಿಲು ಕುಟ್ಟಿಸಿಕೊಳ್ಳುತ್ತಿತ್ತು.

“ಬಂದ್ಳು ನೋಡು, ತಲೆ ಎಣಿಸೋಳು,” ಎನ್ನುತ್ತಿದ್ದ, ಪೈಜಾಮದ ಲಾಡಿ ಕಟ್ಟಿಕೊಳ್ಳುತ್ತ.

“ನಿನ್ ತಲೇಲಿ ಎಣ್ಸೋಂಥದ್ದೇನೂ ಇಲ್ಲ ಎರಚ್. ಮೀನು ಹಾಕು,” ಎಂದು ಇವಳು ಹಾಲಿಗೆ ಹೋಗುತ್ತಿದ್ದಳು.

ಹತ್ತಿ ಇಳಿದು, ಹದಿನೈದು ಹೊಸ್ತಿಲ ಮುಂದೆ ಬಗ್ಗಿ ನೋಡಿ, ಸಿಕ್ಕವರ ಜೊತೆ ಜಗಳವಾಡಿ ಅವಳು ಮನೆ ಸೇರುವಾಗ ಕೆನ್ನೆ ಕೆಂಪಗಿರುತ್ತಿತ್ತು. ಬಾಗ್‌ಗೆ ಬರುವ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು, ಇದು ನಿಮ್ಮದೇನಾ ಎಂದು ಕೇಳಿದ್ದರು. ಆ ಮಾತನ್ನು ಅವಳು ಯಾವ ಮದುವೆಯ ಊಟದಲ್ಲೂ ಬಿಟ್ಟವಳಲ್ಲ.

ಬರೀ ಮುದುಕರೇ ತುಂಬಿದ ಕಟ್ಟಡ ಮುಂದೆ ಯಾರಿಗೆ ಎಂದು ಬಾಗ್ ನಡೆಸುವ ಟ್ರಸ್ಟಿನವರಿಗೆ ಚಿಂತೆ ಹತ್ತಿತು. ಎರಚ್‌ಶಾನ ಎದುರಿನ ಮನೆ ಖಾಲಿಯಾದಾಗ ಅದನ್ನು ಯಜ್ದಿಗೂ ಅವನ ಹೆಂಡತಿ ಹುತೋಕ್ಷಿಗೂ ಕೊಟ್ಟರು. ಇಬ್ಬರೂ ಕೆಲಸಕ್ಕೆ ಹೋಗುವವರು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಆವಾ, ಏಳು ವರ್ಷದವಳು. ಅಂಗಳದಲ್ಲಿ ಚೆಂಡು ಪುಟಿಯಿತು. ಮೆಟ್ಟಿಲ ಕಂಬಿಯ ಮೇಲಿಂದ ಮಕ್ಕಳು ಜಾರಿದವು. ಬೆಂಚಿನವರಿಗೆ ಬೇರೆ ಮಾತೇ ಬೇಡವಾಯಿತು. ಚೆಂಡು, ಕಿರುಚಾಟ, ಗೋಡೆಯ ಮೇಲೆ ಬರೆದ ಬೆಕ್ಕು, ಇದನ್ನೆಲ್ಲ ದೂರಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತಿತ್ತು, ಮೊಣಕಾಲಿನ ಸುದ್ದಿ ಎತ್ತಲು ಹೊತ್ತೇ ಉಳಿಯುತ್ತಿರಲಿಲ್ಲ. ಎರಚ್‌ಶಾ ಹಗಲೆಲ್ಲ ಕಿಟಕಿಯಿಂದ ಆ ಚೆಂಡಿನ ಜೊತೆ ಜಗಳವಾಡಿ ದಣಿದು, ನಿದ್ದೆ ಗುಳಿಗೆ ನುಂಗುವುದನ್ನು ಮರೆತ. ಕೇಳಿದರೆ ಒಪ್ಪುತ್ತಿರಲಿಲ್ಲ. ಈ ಮಕ್ಕಳಿಂದ ತನ್ನ ಆಯುಸ್ಸು ಅರ್ಧವಾಯಿತು ಎನ್ನುತ್ತಿದ್ದ, ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತ.

ಎಲ್ಲ ಚೆನ್ನಾಗಿತ್ತು, ಹುತೋಕ್ಷಿ ಆ ಅಂಟುಚಿತ್ರ ತರುವವರೆಗೆ.

ಅವಳದ್ದೇನೂ ತಪ್ಪಿಲ್ಲ. ಬೆಳಿಗ್ಗೆ ಇಬ್ಬರು ಮಕ್ಕಳಿಗೆ ಮೊಟ್ಟೆಯ ಪೋರೋ ಹುಯ್ದು, ಜಡೆ ಹಾಕಿ, ರೈಲು ಹಿಡಿಯುವವಳು ಹೊಸ್ತಿಲ ಮುಂದೆ ಡಬ್ಬಿ ತಟ್ಟುತ್ತ ಕೂರಲು ಆಗುತ್ತದೆಯೇ? ಅಂಗಡಿಯಿಂದ ಪ್ಲಾಸ್ಟಿಕ್ಕಿನ ಮೀನು ತಂದು ಹೊಸ್ತಿಲಿಗೆ ಅಂಟಿಸಿದಳು. ಬೆಳ್ಳಿಯ ಹಾಗೆ ಹೊಳೆಯುವ ಜೋಡಿ ಮೀನು, ಸುತ್ತ ಗುಲಾಬಿ ಹೂ. ಎದುರು ಮನೆಯ ಎರಚ್‌ಶಾ ಅದನ್ನು ಒಂದು ವಾರ ನೋಡಿದ. ತೊಳೆದರೂ ಹೋಗುವುದಿಲ್ಲ, ಬಗ್ಗುವುದೂ ಬೇಡ. ಇಂಥದ್ದು ತನಗೂ ಒಂದು ತಂದುಕೊಡು ದೀಕ್ರೀ ಎಂದು ಅವಳನ್ನು ಮಗಳಂತೆ ಕರೆದ. ಅಲ್ಲಿಯವರೆಗೆ ಅವಳನ್ನು ಚೆಂಡಿನ ತಾಯಿ ಎನ್ನುತ್ತಿದ್ದವನು.

ಹೊಸ ವರ್ಷಕ್ಕೆ ಫ್ರಾಮ್‌ರೋಜ್ ಕಮಿಟಿಯ ಕಡೆಯಿಂದ ಮನೆಗೊಂದರಂತೆ ಅಂಥದ್ದೇ ಮೀನು ಹಂಚಿದ. ಸೊಂಟ ಉಳಿಯಿತು ಎಂದು ಎಲ್ಲರೂ ಅವನನ್ನು ಹರಸಿದರು. ಪೀರೋಜಾ ಮಾತ್ರ ತನ್ನದನ್ನು ಮೇಜಿನ ಖಾನೆಗೆ ಹಾಕಿ, ಎಂದಿನಂತೆ ಡಬ್ಬಿ ತಟ್ಟಿದಳು. ಮರುದಿನ ಕ್ಯಾನು ಹಿಡಿದು ಇಳಿದಳು. ಎಲ್ಲ ಹೊಸ್ತಿಲಲ್ಲೂ ಮೀನು, ಎಲ್ಲಕ್ಕೂ ಬಾಲ. ನನ್ನ ಬಾಗಿಲ ಮುಂದೆ ಬಂದು ನಿಂತು, ನೆಲ ನೋಡಿ, ನನ್ನನ್ನು ನೋಡಿದಳು. ನಾನು ಹಾಕಿಸಿಕೊಂಡಿರಲಿಲ್ಲ ಎಂದು ಹೇಳಲಾರೆ. ನನಗೂ ಸೊಂಟವಿದೆ.

“ಈಗ ಯಾರು ಸತ್ರೂ ಹೊಸ್ತಿಲು ನಗ್ತಾನೇ ಇರತ್ತೆ,” ಎಂದಳು, ಅಷ್ಟೇ.

ಆಮೇಲೆ ಅವಳಿಗೆ ಇಳಿಯಲು ನೆಪವೇ ಇಲ್ಲದಂತಾಯಿತು. ಯಜ್ದಿ ಒಳ್ಳೆಯ ಹುಡುಗ, ಈ ವಯಸ್ಸಿನಲ್ಲಿ ಹಾಲಿಗೆ ಯಾಕೆ ಇಳಿಯುತ್ತೀರಿ ಮಾಯಿ ಎಂದು ಹಾಲಿನ ಪೊಟ್ಟಣ ಬಾಗಿಲಿಗೇ ಬರುವ ಏರ್ಪಾಡು ಮಾಡಿಕೊಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಪೀರೋಜಾಳ ಪಾದ ಊದಿಕೊಂಡವು. ಒಂದು ಮಹಡಿ ಹತ್ತಿದರೆ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರು ಈ ಸಲ ಕೊಳವೆ ಇಟ್ಟು ಏನೂ ತಮಾಷೆ ಮಾಡಲಿಲ್ಲ, ಬಿಳಿ ಗುಳಿಗೆ ಬರೆದುಕೊಟ್ಟು ನಡೆದಾಡಿ ಎಂದರು. ಎಲ್ಲಿಗೆ ನಡೆಯಲಿ ಎಂದು ಇವಳು ಕೇಳಿದಳು.

ಅವತ್ತು ಸಂಜೆ ಅವಳು ಬೆಂಚಿನ ಹತ್ತಿರ ಬಂದಳು. ಎರಚ್‌ಶಾ ಎದ್ದು ಜಾಗ ಬಿಟ್ಟುಕೊಟ್ಟ.

“ಬಾ ಪೀರೋಜಾ, ಬಾ. ಬಿಳೀದಾ ಗುಳಿಗೆ? ಕೂತ್ಕೋ. ಈಗ ನೀನು ನಮ್ಮೋಳು.”

ಅವನ ಮನಸ್ಸಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಪ್ರೀತಿಯಿಂದಲೇ ಕರೆದ. ಅದೇ ಅವಳಿಗೆ ಚುಚ್ಚಿತು. ಕೂರಲಿಲ್ಲ. ಕಂಬಿ ಹಿಡಿದು, ಮಹಡಿಗೊಂದು ಸಲ ನಿಂತು, ಮೇಲೆ ಹೋದಳು. ಆ ಬೆಂಚಿನಲ್ಲಿ ಒಮ್ಮೆ ಕೂತವರು ಅಲ್ಲಿಂದ ಎದ್ದು ಹೋದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಅದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅದಾದ ಕೆಲವು ದಿನಕ್ಕೆ ಮೇಲಿನ ಮಹಡಿಯಲ್ಲಿ ಒಂದು ಮೀನು ಮಾಯವಾಯಿತು. ಗೋಂದಿನ ಕಲೆ, ಕೆರೆದ ಗೆರೆ, ಮೀನಿಲ್ಲ. ಎರಡು ದಿನ ಬಿಟ್ಟು ಪಕ್ಕದ ಮನೆಯದು. ಮೀನು ಕಳೆದುಕೊಂಡವರು ಬಯ್ಯುತ್ತ ಅಟ್ಟದಿಂದ ಡಬ್ಬಿ ಇಳಿಸಿ, ಬಯ್ಯುತ್ತಲೇ ಬಗ್ಗಿ, ಪುಡಿ ತಟ್ಟಿದರು. ಹೊಸ್ತಿಲು ಬೋಳು ಬಿಡುವಂತಿಲ್ಲವಲ್ಲ. ಎರಡನೇ ಮಹಡಿಗೆ ಇಳಿದ ಕಳ್ಳತನ ನಾಜಾಮಾಯಿಯ ಮೀನನ್ನೂ ಒಯ್ದಿತು. ಫ್ರಾಮ್‌ರೋಜ್ ತಾನೇ ಕಾವಲು ಕೂರುತ್ತೇನೆಂದು ಬೆಳಗಿನ ಜಾವ ತನ್ನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡ, ಮಡಿಲಲ್ಲಿ ಬ್ಯಾಟರಿ. ಎದ್ದು ನೋಡಿದರೆ ಬ್ಯಾಟರಿ ಉರಿಯುತ್ತಿತ್ತು, ಅವನ ಕಾಲ ಪಕ್ಕದ ಮೀನೇ ಇರಲಿಲ್ಲ.

ನನಗೆ ಗೊತ್ತಾದದ್ದು ಹೆಜ್ಜೆಯಿಂದ. ಮೆಟ್ಟಿಲ ಮೇಲೆ ಮತ್ತೆ ಬೆಳಗಿನ ಆ ಸದ್ದು ಶುರುವಾಗಿತ್ತು. ಮೊದಮೊದಲು ಮಹಡಿಗೊಮ್ಮೆ ನಿಲ್ಲುತ್ತಿತ್ತು, ಬರಬರುತ್ತ ನಿಲ್ಲುವುದನ್ನು ಬಿಟ್ಟಿತು. ಒಂದು ಮಧ್ಯಾಹ್ನ ಪೀರೋಜಾ ಪುದೀನ ಹಾಕಿದ ಚಹಾ ಕುಡಿಯಲು ನನ್ನಲ್ಲಿಗೆ ಬಂದಾಗ ಅವಳ ಪಾದ ನೋಡಿದೆ, ಚಪ್ಪಲಿ ಸಡಿಲವಾಗಿತ್ತು. ಬಟ್ಟಲು ಹಿಡಿದ ಬೆರಳು ನೋಡಿದೆ, ಉಗುರಿನ ಸಂದಿಯಲ್ಲಿ ಬೆಳ್ಳಿ ಚೂರು. ಬೆಣ್ಣೆ ಹಚ್ಚುವ ಚಾಕು ಮೊಂಡಾಗಿದೆ, ನಿನ್ನದು ಕೊಡು ಎಂದಳು. ಕೊಟ್ಟೆ. ಒಂದು ವಾರಕ್ಕೆ ನನ್ನ ಮೀನೂ ಹೋಯಿತು, ನನ್ನದೇ ಚಾಕುವಿನಿಂದ.

ಆದರೆ ಮುದುಕರ ಮನೆಗಳಲ್ಲಿ ಏನಾದರೂ ಕೆಟ್ಟರೆ ಬೆರಳು ಹೋಗುವುದು ಮಕ್ಕಳ ಕಡೆಗೆ. ಫ್ರಾಮ್‌ರೋಜ್ ಹುತೋಕ್ಷಿಯನ್ನು ಅಂಗಳದಲ್ಲಿ ನಿಲ್ಲಿಸಿ, ಹದಿನಾರು ಮನೆಯಲ್ಲಿ ಕೆರೆಯುವ ವಯಸ್ಸಿನವರು ನಿನ್ನ ಮಕ್ಕಳಿಬ್ಬರೇ ಎಂದ. ಹೀಗೇ ಆದರೆ ಭಾನುವಾರದ ಸಭೆಯಲ್ಲಿ ಟ್ರಸ್ಟಿಗೆ ಹೇಳಬೇಕಾಗುತ್ತದೆ, ಮನೆ ಕೊಟ್ಟದ್ದು ಕಟ್ಟಡ ಉಳಿಸಲಿ ಎಂದು, ಕೆರೆಯಲಿ ಎಂದಲ್ಲ, ಎಂದ. ಹುತೋಕ್ಷಿ ಆವಾಳನ್ನು ಗದರಿದಳು. ಮಾಡಿಲ್ಲ ಮಾಡಿಲ್ಲ ಎಂದು ಆ ಮಗು ಮೆಟ್ಟಿಲ ಮೇಲೆ ಕೂತು ಅತ್ತಿತು.

ಇದನ್ನು ನಾನು ಮೇಲೆ ಹೋಗಿ ಪೀರೋಜಾಳಿಗೆ ಹೇಳಿದೆ. ಅವಳು ಸೇವಿಗೆ ಹುರಿಯುತ್ತಿದ್ದಳು. ಒಲೆ ಆರಿಸಿದಳು.

“ಭಾನುವಾರ ನಾನೇ ಹೇಳ್ತೀನಿ. ಸಭೇಲೇ.”

“ಹೇಳಿದ್ರೆ ಫ್ರಾಮ್‌ರೋಜ್ ಸುಮ್ನಿರ್ತಾನಾ? ಮತ್ತೆ ಎಲ್ರಿಗೂ ಮೀನು ಅಂಟಿಸ್ತಾನೆ. ನಿನ್ನ ಮೆಟ್ಟಿಲು ಇಳಿಯೋಕೆ ಬಿಡಲ್ಲ.”

“ಬಿಡ್ಬೇಡ. ಬೆಂಚ್ ಇದೆಯಲ್ಲ, ಕೂರ್ತೀನಿ.” ಬಾಣಲೆ ಕೆಳಗಿಳಿಸಿದಳು. “ಎರಚ್‌ದು ಒಂದು ಉಳಿದಿದೆ. ಅದೊಂದನ್ನ ಮುಗಿಸಿಬಿಡ್ತೀನಿ. ಅವನ ಮುಂದೆ ಸೋತು ಕೂರೋಕಾಗಲ್ಲ ನನಗೆ.”

ಭಾನುವಾರ ಬೆಳಿಗ್ಗೆ ಅವಳ ಹೆಜ್ಜೆ ನನ್ನ ಬಾಗಿಲು ದಾಟಿ ಕೆಳಗೆ ಹೋಯಿತು. ಆಮೇಲೆ ಚಾಕುವಿನ ಸದ್ದು, ಕರಕರ, ಕರಕರ. ನಿಂತಿತು. ಮತ್ತೆ ಕರಕರ. ಮತ್ತೆ ನಿಂತಿತು. ಅಷ್ಟರಲ್ಲಿ ನನ್ನ ಹೆಸರು ಹಿಡಿದು ಅವಳು ಕೂಗಿದಳು, ಯಜ್ದಿಯನ್ನೂ ಕೂಗಿದಳು, ಕ್ಯಾನಿಲ್ಲದ್ದಕ್ಕೆ ಚಪ್ಪಲಿ ತೆಗೆದು ಎರಚ್‌ಶಾನ ಬಾಗಿಲು ಬಡಿದಳು.

ಅವಳು ಕೆರೆದಾಗಲೆಲ್ಲ ಒಳಗಿಂದ ಉತ್ತರ ಬರುತ್ತಿತ್ತಂತೆ. ಇವಳು ಕರಕರ ಎಂದರೆ ಒಳಗೆ ಟಕಟಕ. ಮೊದಲು ಇಲಿ ಎಂದುಕೊಂಡಳು. ಇಲಿಗೆ ತಾಳ ಗೊತ್ತಿರುವುದಿಲ್ಲ. ಆ ಟಕಟಕ ಬ್ಯಾಂಡಿನ ತಾಳದಲ್ಲಿತ್ತು.

ಯಜ್ದಿ ಭುಜ ಕೊಟ್ಟು ಚಿಲಕ ಮುರಿದ. ಎರಚ್‌ಶಾ ಬಚ್ಚಲ ಬಾಗಿಲಲ್ಲಿ ಅಂಗಾತ ಬಿದ್ದಿದ್ದ. ಹಿಂದಿನ ರಾತ್ರಿ ಜಾರಿದವನು, ಸೊಂಟದ ಮೂಳೆ ಮುರಿದು ಏಳಲಾರದೆ, ಕೂಗಿ ಕೂಗಿ ಗಂಟಲು ಹೋಗಿ, ಕೈಗೆ ಸಿಕ್ಕ ಚೊಂಬಿನಿಂದ ನೆಲ ಕುಟ್ಟುತ್ತಿದ್ದ. ಗುಡಿಸುವವಳು ಬರುವುದು ಸೋಮವಾರ. ಅವನ ಹೊಸ್ತಿಲಲ್ಲಿ ಅರ್ಧ ಕೆರೆದ ಬೆಳ್ಳಿ ಮೀನು ಇನ್ನೂ ಹೊಳೆಯುತ್ತಿತ್ತು.

ಹುತೋಕ್ಷಿ ದಿಂಬು ಕೊಟ್ಟಳು. ಯಜ್ದಿ ಆಸ್ಪತ್ರೆಯ ಗಾಡಿಗೆ ಫೋನು ಮಾಡಿದ. ಅಷ್ಟರಲ್ಲಿ ಮೇಲಿನವರೆಲ್ಲ ಒಬ್ಬರ ಹಿಂದೊಬ್ಬರು ಇಳಿದು ಬಂದು ಬಾಗಿಲಲ್ಲಿ ತುಂಬಿದರು. ಆವಾ ದೊಡ್ಡವರ ಕಾಲುಗಳ ಸಂದಿಯಿಂದ ತೂರಿ ಮುಂದೆ ಬಂದಳು. ಎಲ್ಲರೂ ಎರಚ್‌ಶಾನನ್ನು ನೋಡುತ್ತಿದ್ದರೆ ಅವಳು ಪೀರೋಜಾಳ ಕೈ ನೋಡಿದಳು.

“ಮಾಯಿ, ಚಾಕು ಯಾಕೆ ಹಿಡ್ಕೊಂಡಿದೀರಾ?”

ಫ್ರಾಮ್‌ರೋಜ್ ಹೊಸ್ತಿಲು ನೋಡಿದ, ಚಾಕು ನೋಡಿದ. ಅವನ ಬಾಯಿ ತೆರೆದುಕೊಂಡಿತು. ಪೀರೋಜಾ ಬೆನ್ನು ನೆಟ್ಟಗೆ ಮಾಡಿ, ಹೇಳಬೇಕಾದದ್ದನ್ನು ಹೇಳಲು ಉಸಿರೆಳೆದುಕೊಂಡಳು. ಅದಕ್ಕೂ ಮುಂಚೆ ನೆಲದಿಂದ ಒಡಕು ಗಂಟಲಿನಲ್ಲಿ ಎರಚ್‌ಶಾ ಮಾತಾಡಿದ.

“ಎಷ್ಟೊತ್ತು ಮಾಡ್ದೆ ಪೀರೋಜಾ. ಕತ್ತಲಲ್ಲಿ ನಿನ್ನೊಬ್ಬಳನ್ನೇ ಕಾಯ್ತಾ ಮಲಗಿದ್ದೆ.”

ಅವನಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಮೇಲಿನ ಮಹಡಿಯಿಂದ ಶುರುವಾಗಿ, ಒಂದೂ ಬಿಡದೆ, ಹಾಲಿಗೆ ಇಳಿಯುವ ದಾರಿಯಲ್ಲೇ ಇಳಿದು ಬರುವ ಕಳ್ಳ ಇನ್ಯಾರು? ಬೆಂಚಿನಲ್ಲಿ ಕೂತವನಿಗೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ತನ್ನ ಬಾಗಿಲು ಕೊನೆಯದು, ತನ್ನ ಸರದಿ ಇವತ್ತೋ ನಾಳೆಯೋ ಎಂದು ಅವನು ಲೆಕ್ಕ ಹಾಕಿ, ಸಾಕ್ಷಿ ಸಮೇತ ಹಿಡಿದು ನಗಬೇಕೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

“ನೀನು ನೆಟ್ಟಗಿನ ಹೆಂಗಸಾಗಿದ್ದಿದ್ರೆ ನಾನಿಷ್ಟು ಹೊತ್ತಿಗೆ ಡುಂಗರವಾಡಿ ದಾರಿ ಹಿಡಿದಿರ್ತಿದ್ದೆ,” ಎಂದ, ನಮ್ಮವರ ಹೆಣವನ್ನು ಹದ್ದುಗಳಿಗೆ ಒಪ್ಪಿಸುವ ಜಾಗದ ಹೆಸರೆತ್ತಿ. “ಅಲ್ಲೂ ಈಗ ಹದ್ದು ಬರಲ್ವಂತೆ. ಸತ್ತು ಅಲ್ಲೂ ಕಾಯ್ಬೇಕಿತ್ತು.”

ನಾಜಾಮಾಯಿ ನಕ್ಕಳು. ಅವಳು ನಕ್ಕದ್ದಕ್ಕೆ ಉಳಿದವರಿಗೂ ನಗಲು ಧೈರ್ಯ ಬಂತು. ಫ್ರಾಮ್‌ರೋಜ್ ನಗಲಿಲ್ಲ. ಅವನು ಆ ಅರ್ಧ ಮೀನನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದ. ಅವನೂ ಒಬ್ಬಂಟಿ, ಬಚ್ಚಲು ಅವನ ಮನೆಯಲ್ಲೂ ಇದೆ.

ಪೀರೋಜಾ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೂರು ತಿಂಗಳ ಹಿಂದೆ ಹಾಗೆ ಕೂರಲು ಆಗುತ್ತಿರಲಿಲ್ಲ.

“ನಾನೇ ಕೆರೆದದ್ದು ದೀಕ್ರೀ. ಬೈಗುಳ ನಿನಗೆ ಬಿತ್ತು. ತಪ್ಪಾಯ್ತು.”

ಆವಾ ತಾಯಿಯ ಮುಖ ನೋಡಿದಳು, ಫ್ರಾಮ್‌ರೋಜ್‌ನ ಮುಖ ನೋಡಿದಳು. ಇಷ್ಟೊಂದು ದೊಡ್ಡವರು ಒಟ್ಟಿಗೆ ತಲೆ ತಗ್ಗಿಸಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಕೇಳಿದರೂ ಸಿಗುತ್ತದೆ ಎಂದು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

“ನಮ್ಮನೇದು ಇನ್ನೂ ಇದೆಯಲ್ಲ ಮಾಯಿ,” ಎಂದಳು. “ಅದನ್ನ ನಾನು ಕೆರೀಲಾ?”

ಹೌದು, ಅವರ ಹೊಸ್ತಿಲನ್ನು ಪೀರೋಜಾ ಮುಟ್ಟಿರಲಿಲ್ಲ. ಎಳೆಯರು, ಅವರನ್ನು ಏನು ನೋಡುವುದು ಎಂದು ಬಿಟ್ಟಿದ್ದಳು. ಹುತೋಕ್ಷಿ ತಾನೇ ದುಡ್ಡು ಕೊಟ್ಟು ತಂದ ಮೀನನ್ನು ಒಮ್ಮೆ ನೋಡಿ, ಬಲಗಡೆಯಿಂದ ಕೆರಿ, ಅಲ್ಲಿ ಗೋಂದು ಸಡಿಲ ಇದೆ ಎಂದಳು.

ಎರಚ್‌ಶಾನ ಸೊಂಟಕ್ಕೆ ಕೀಲು ಹಾಕಿದರು. ಈಗ ಅವನು ಬೆಂಚಿನ ನಡುವೆ ಕೂರುತ್ತಾನೆ, ಕೋಲು ಹಿಡಿದುಕೊಂಡು, ಆ ಜಾಗಕ್ಕೆ ಅವನಷ್ಟು ಹಕ್ಕಿರುವವರು ಬೇರೆ ಇಲ್ಲ. ಬಗ್ಗಲಾಗದ ಅವನ ಹೊಸ್ತಿಲಿಗೂ ಆವಾಳೇ ಡಬ್ಬಿ ತಟ್ಟುತ್ತಾಳೆ. ಆದರೆ ಅವನು ಬಾಗಿಲು ತೆರೆದು ಮುಖ ತೋರಿಸದೆ ಅವಳು ತಟ್ಟುವುದಿಲ್ಲ. ಅದು ಪೀರೋಜಾ ಹಾಕಿದ ಕಟ್ಟಳೆ. ಅವನು ಮುಖ ತೋರಿಸಲು ತಡಮಾಡಿದರೆ ಆ ಮಗು ಬಾಗಿಲಿಗೆ ಚೆಂಡು ಹೊಡೆಯುತ್ತದೆ.

ಪೀರೋಜಾಳ ಬಾಗಿಲಿಗೆ ಹಾಲಿನ ಪೊಟ್ಟಣ ಬರುವುದು ನಿಂತಿದೆ. ಅವಳ ಕ್ಯಾನು ಮತ್ತೆ ಇಳಿಯುತ್ತದೆ, ಈಗ ಹದಿನೈದು ಹೊಸ್ತಿಲಿಗೂ ಬಗ್ಗುತ್ತಾಳೆ, ಎಳೆಯರದ್ದನ್ನೂ ಬಿಡುವುದಿಲ್ಲ. ಮೊನ್ನೆ ರಜೆಯ ದಿನ ಹುತೋಕ್ಷಿಯ ಮನೆಯವರು ಮಲಗಿಬಿಟ್ಟಿದ್ದರು, ಹೊಸ್ತಿಲು ಬೋಳಾಗಿತ್ತು. ಕ್ಯಾನು ಬಾಗಿಲು ಕುಟ್ಟಿದ್ದು ನನ್ನ ಮನೆಗೂ ಕೇಳಿಸಿತು.

“ಬದುಕಿದೀವಿ ಮಾಯಿ,” ಎಂದು ಹುತೋಕ್ಷಿ ಒಳಗಿಂದ ನಿದ್ದೆಗಣ್ಣಿನಲ್ಲಿ ಕೂಗಿದಳು. “ನಾಲ್ಕು ಜನಾನೂ ಬದುಕಿದೀವಿ.”

“ಅದನ್ನ ನೀನು ಹೇಳೋದಲ್ಲ,” ಎಂದಳು ಪೀರೋಜಾ. “ಮೀನು ಹೇಳ್ಬೇಕು. ಎದ್ದು ಹಾಕು.”

ಹಾಕುವವರೆಗೆ ಅಲ್ಲಿಂದ ಕದಲಲಿಲ್ಲ.